ಮುಂಗಡ ಕಟ್ಟುವ ಮುನ್ನ

ಜೂನ್ ಬಂತೆಂದರೆ ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳಲ್ಲಿ ಆಗಸ್ಟ್ 15ರ ಆಚೀಚೆ ಬೀಳುವ ರಜೆಗಳ ಲೆಕ್ಕ ಶುರುವಾಗುತ್ತದೆ. ಮಡಿಕೇರಿಗೆ ಹೋಗೋಣವೇ, ಸಕಲೇಶಪುರಕ್ಕೋ, ಚಿಕ್ಕಮಗಳೂರಿಗೋ? ಹೋಂಸ್ಟೇಗೆ ಫೋನ್ ಮಾಡಿದರೆ ಕೋಣೆಗಳು ತುಂಬುತ್ತಿವೆ, ಅಡ್ವಾನ್ಸ್ ಕಟ್ಟಿದವರಿಗೇ ಕೋಣೆ ಎನ್ನುತ್ತಾರೆ. ಎರಡು ತಿಂಗಳ ಮೇಲೆ ಘಾಟಿ ರಸ್ತೆ ತೆರೆದಿರುತ್ತದೆಯೇ, ಗುಡ್ಡ ಜಾರುತ್ತದೆಯೇ, ಜಿಲ್ಲಾಧಿಕಾರಿ ಪ್ರವಾಸಿಗರನ್ನು ತಡೆಯುತ್ತಾರೆಯೇ ಎಂದು ಮಾತ್ರ ಯಾರೂ ಹೇಳಲಾರರು. ಕಾಶ್ಮೀರ ನೋಡಬೇಕೆಂದು ವರ್ಷಗಳಿಂದ ಹಣ ಕೂಡಿಟ್ಟವರಿಗೆ ಇನ್ನೊಂದು ಬಗೆಯ ಭಯ. ಮನೆಯಲ್ಲಿ ಒಬ್ಬರು ‘ಏನೂ ಆಗಲ್ಲ, ಬುಕ್ ಮಾಡಿ’ ಎನ್ನುತ್ತಾರೆ. ಇನ್ನೊಬ್ಬರು ‘ಈ ಕಾಲದಲ್ಲಿ ಸುಮ್ಮನೆ ಮನೇಲಿರೋದೇ ವಾಸಿ’ ಎನ್ನುತ್ತಾರೆ.

ಈ ಇಬ್ಬರೂ ಉತ್ತರಿಸುತ್ತಿರುವುದು ಒಂದೇ ಪ್ರಶ್ನೆಗೆ: ಏನಾದರೂ ಆಗುತ್ತದೆಯೇ? ಎರಡು ತಿಂಗಳ ಮುಂಚೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಆದ್ದರಿಂದ ವಾದದಲ್ಲಿ ಗೆಲ್ಲುವುದು ಗಟ್ಟಿ ದನಿ. ಉತ್ತರ ಸಿಗಬಹುದಾದ ಪ್ರಶ್ನೆಗಳು ಬೇರೆ ಇವೆ. ಪರಿಸ್ಥಿತಿ ಕೆಟ್ಟರೆ ನಾವು ಹಿಂದೆ ಸರಿಯಬಲ್ಲೆವೇ? ಸರಿದಾಗ ಆಗುವ ನಷ್ಟ ಯಾರ ಪಾಲಿಗೆ ಬೀಳುತ್ತದೆ? ಅನಿಶ್ಚಿತ ಕಾಲದಲ್ಲಿ ರಜೆಯ ಬುಕಿಂಗ್ ಒಳ್ಳೆಯದೋ ಕೆಟ್ಟದ್ದೋ ಎಂಬುದು ಈ ಎರಡರ ಮೇಲೆ ನಿಂತಿದೆ ಎಂಬುದು ನನ್ನ ದೃಢ ನಂಬಿಕೆ. ಊರು ಯಾವುದು, ಕೋಣೆ ಎಂಥದ್ದು, ದರ ಎಷ್ಟು ಎಂಬುದೆಲ್ಲ ಆಮೇಲಿನ ಮಾತು.

ಮೊದಲು, ನಮಗೆ ಏನು ಗೊತ್ತಾಗುತ್ತದೆ ಮತ್ತು ಯಾವಾಗ ಗೊತ್ತಾಗುತ್ತದೆ ಎಂಬುದನ್ನು ನೋಡೋಣ. ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರ್ಯಾಂಕ್ ನೈಟ್ 1921ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಅಪಾಯಗಳನ್ನು ಎರಡು ಬಗೆಯಾಗಿ ವಿಂಗಡಿಸಿದ. ಹಿಂದಿನ ಅನುಭವದಿಂದ ಇಷ್ಟಕ್ಕಿಷ್ಟು ಎಂದು ಅಳೆಯಬಹುದಾದದ್ದು ಒಂದು, ಯಾವ ಅಳತೆಗೂ ಸಿಗದ್ದು ಇನ್ನೊಂದು. ಮಲೆನಾಡಿನ ಮಳೆ ಮೊದಲ ಬಗೆಗೆ ಸೇರಿದ್ದು. 2018ರ ಆಗಸ್ಟ್ ನಡುವಿನಲ್ಲಿ ಮಕ್ಕಂದೂರು, ಜೋಡುಪಾಲದ ಸುತ್ತ ಗುಡ್ಡಗಳು ಕುಸಿದು ಮಡಿಕೇರಿ–ಸಂಪಾಜೆ ಹೆದ್ದಾರಿ ವಾರಗಟ್ಟಲೆ ಮುಚ್ಚಿತು. 2019ರ ಆಗಸ್ಟ್ 9ರಂದು ಕೋರಂಗಾಲ ಮತ್ತು ತೋರ ಗ್ರಾಮಗಳಲ್ಲಿ ಮನೆಗಳು ಮಣ್ಣಿನಡಿ ಹೋದವು. 2020ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿತು. ಮೂರು ವರ್ಷ, ಮೂರೂ ಆಗಸ್ಟಿನ ಮೊದಲ ಅರ್ಧದ ಆಸುಪಾಸಿನಲ್ಲಿ. 2024ರಲ್ಲಿ ಹದಿನೈದೇ ದಿನಗಳ ಅವಧಿಯಲ್ಲಿ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ, 26ರಂದು ಸಕಲೇಶಪುರ–ಸುಬ್ರಹ್ಮಣ್ಯ ರೈಲು ಹಾದಿಯ ಎಡಕುಮೇರಿ ಬಳಿ, 30ರ ನಸುಕಿನಲ್ಲಿ ಗಡಿಯಾಚೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಭೂಮಿ ಕುಸಿಯಿತು. ವಯನಾಡಿನಲ್ಲಿ ಸತ್ತವರ ಸಂಖ್ಯೆ ಇನ್ನೂರನ್ನು ಮೀರಿತು.

ಈ ದಿನಗಳನ್ನು ಹಳೆಯ ಪಂಚಾಂಗದಲ್ಲಿಟ್ಟು ನೋಡಿದರೆ ಪುಷ್ಯ, ಆಶ್ಲೇಷ ಮಳೆಗಳ ಆಸುಪಾಸಿಗೆ ಬೀಳುತ್ತವೆ. ಕೊಡಗಿನ ಲೆಕ್ಕದಲ್ಲಿ ಇದು ಕಕ್ಕಡ, ತುಳುನಾಡಿನಲ್ಲಿ ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮದುವೆಯಿಲ್ಲ, ಶುಭಕಾರ್ಯವಿಲ್ಲ, ದೂರದ ನೆಂಟರ ಮನೆಗೆ ಓಡಾಟವಿಲ್ಲ. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಉಂಡು, ನಾಟಿ ಮುಗಿಸಿ, ಮಳೆ ಇಳಿದ ಮೇಲೆ ಕೈಲ್‌ಪೊಳ್ದ್ ಹಬ್ಬಕ್ಕೆ ಜನ ಹೊರಬರುತ್ತಿದ್ದರು. ಅಲ್ಲಿನವರು ತಲೆಮಾರುಗಳಿಂದ ಮನೆಯೊಳಗೆ ಉಳಿಯುತ್ತಿದ್ದ ತಿಂಗಳಲ್ಲೇ, ಸ್ವಾತಂತ್ರ್ಯೋತ್ಸವದ ರಜೆ ಸಿಕ್ಕಿತೆಂದು ನಾವು ಅಲ್ಲಿಗೆ ಹೊರಡುತ್ತೇವೆ. ಹಾಗೆಂದು ಮಳೆಗಾಲದಲ್ಲಿ ಕೊಡಗಿಗೆ ಹೋಗಲೇಬಾರದು ಎನ್ನಲಾರೆ. ಮಂಜು ಕವಿದ ತೋಟ, ಉಕ್ಕುವ ಹಳ್ಳಗಳ ಚೆಲುವಿಗೆ ಮನಸೋಲದವರಿಲ್ಲ. ಆದರೆ ಆಗಸ್ಟ್ ಮೊದಲ ಅರ್ಧಕ್ಕೆ ಕೋಣೆ ಹಿಡಿಯುವವರು, ಹೋಗಲಾಗದೆ ಇರುವ ಸಾಧ್ಯತೆಯನ್ನು ಮೊದಲ ದಿನವೇ ಲೆಕ್ಕಕ್ಕೆ ಹಿಡಿಯಬೇಕು. ಅದೇ ಹೋಂಸ್ಟೇಗೆ ಅಕ್ಟೋಬರ್ ಕೊನೆಗೆ ಹೋಗುವವರಿಗೆ ಅಷ್ಟು ಎಚ್ಚರಿಕೆ ಬೇಕಿಲ್ಲ. ಇಷ್ಟನ್ನು ಆರು ತಿಂಗಳ ಮುಂಚೆಯೇ ತಿಳಿಯಬಹುದು, ಅದಕ್ಕೆ ಹವಾಮಾನ ತಜ್ಞರೂ ಬೇಡ.

ಎರಡನೆಯ ತಿಳಿವಳಿಕೆ ಬರುವುದು ತೀರಾ ತಡವಾಗಿ. ಹವಾಮಾನ ಇಲಾಖೆ 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ ಮಳೆ, 204.4 ದಾಟಿದರೆ ಅತ್ಯಧಿಕ ಮಳೆ ಎಂದು ವಿಂಗಡಿಸುತ್ತದೆ. ಜಿಲ್ಲೆಗೆ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಬರುವುದು ಕೆಲವೇ ದಿನಗಳ ಮುಂಚೆ; ಹೆಚ್ಚೆಂದರೆ ಒಂದು ವಾರ. ಹಣ ಕಟ್ಟುವುದು ಜೂನ್‌ನಲ್ಲಿ, ಸುದ್ದಿ ಬರುವುದು ಆಗಸ್ಟ್ ಎರಡನೆಯ ವಾರ. ಈ ಎರಡರ ನಡುವಿನ ಅಂತರವೇ ಅನಿಶ್ಚಿತತೆಯ ನಿಜವಾದ ರೂಪ. ವಿಜ್ಞಾನ ಎಷ್ಟು ಮುಂದುವರಿದರೂ ಎರಡು ತಿಂಗಳ ಮುಂಚೆ ಮಡಿಕೇರಿಯ ಇಂತಿಂಥ ತಿರುವಿನಲ್ಲಿ ಮಣ್ಣು ಜಾರುತ್ತದೆ ಎಂದು ಹೇಳುವ ಕಾಲ ಸದ್ಯಕ್ಕೆ ಕಾಣುತ್ತಿಲ್ಲ. ಆದ್ದರಿಂದ ನಾವು ಬದಲಿಸಬಹುದಾದದ್ದು ಹಣ ಸಿಕ್ಕಿಬೀಳುವ ದಿನವನ್ನು. ಸುದ್ದಿ ಬರುವ ದಿನದವರೆಗೂ ಹಿಂದೆ ಸರಿಯಲು ಅವಕಾಶವಿದ್ದರೆ ಬುಕ್ ಮಾಡುವುದರಲ್ಲಿ ತಪ್ಪಿಲ್ಲ. ಹೊರಡುವ ತಿಂಗಳ ಮುಂಚೆಯೇ ಪೂರ್ತಿ ಹಣ ಮುಳುಗುವ ಷರತ್ತಿದ್ದರೆ, ದರ ಎಷ್ಟು ಅಗ್ಗವಿದ್ದರೂ ಅದು ಆ ಕಾಲಕ್ಕೆ ತಕ್ಕ ಬುಕಿಂಗ್ ಅಲ್ಲ.

ಇಲ್ಲಿ ರೈಲಿನ ಉದಾಹರಣೆ ಕೊಡಬೇಕು. ರೈಲ್ವೆ 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವ ಅವಧಿಯನ್ನು 120 ದಿನಗಳಿಂದ 60ಕ್ಕೆ ಇಳಿಸಿತು. ಸಾಕಷ್ಟು ಮೊದಲೇ ರದ್ದು ಮಾಡಿದರೆ ದರ್ಜೆಗೆ ತಕ್ಕ ಸಣ್ಣ ಮೊತ್ತ ಮಾತ್ರ ಮುರಿದುಕೊಳ್ಳುತ್ತಾರೆ. ರೈಲೇ ರದ್ದಾದರೆ ಪೂರ್ತಿ ಹಣ ವಾಪಸ್. ಇದೇ ರೈಲಿನ ತತ್ಕಾಲ್ ಟಿಕೆಟ್ ಇದಕ್ಕೆ ವಿರುದ್ಧ: ಹಿಂದಿನ ದಿನ ತೆಗೆದುಕೊಳ್ಳುವುದರಿಂದ ಸುದ್ದಿಯೆಲ್ಲ ತಿಳಿದಿರುತ್ತದೆ, ಆದರೆ ದರ ಹೆಚ್ಚು, ಖಚಿತವಾದ ಟಿಕೆಟ್ ನಾವಾಗಿ ರದ್ದು ಮಾಡಿದರೆ ಹಣ ಬರುವುದಿಲ್ಲ. ಮುಂಚೆ ಕೊಂಡರೆ ಸರಿಯುವ ಅವಕಾಶ, ತಡವಾಗಿ ಕೊಂಡರೆ ತಿಳಿವಳಿಕೆ. ಎರಡರಲ್ಲಿ ಒಂದಾದರೂ ಕೈಯಲ್ಲಿರಬೇಕು. ಎರಡೂ ಇಲ್ಲದ ಬುಕಿಂಗ್‌ಗೆ ನಮ್ಮನ್ನು ಸೆಳೆಯುವುದು ‘ಈಗ ಕಟ್ಟಿದರೆ ಇಷ್ಟು ಕಡಿಮೆ, ಹಣ ವಾಪಸ್ ಇಲ್ಲ’ ಎಂಬ ಕೊಡುಗೆ.

ಇದನ್ನು ಬರೀ ಹಣದ ಮಾತೆಂದು ಯಾರಾದರೂ ತಳ್ಳಿಹಾಕಿದರೆ ನನಗೆ ಆತಂಕವಾಗುತ್ತದೆ. ಏಕೆಂದರೆ ವಾಪಸ್ ಬಾರದ ಹಣ ಜನರನ್ನು ಅಪಾಯದೊಳಕ್ಕೆ ಎಳೆಯುತ್ತದೆ. 1985ರಲ್ಲಿ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನವೊಂದಿದೆ. ನೀವು ಒಂದು ಊರಿನ ಹಿಮಕ್ರೀಡೆಯ ಪ್ರವಾಸಕ್ಕೆ 100 ಡಾಲರ್ ಕೊಟ್ಟಿದ್ದೀರಿ, ಇನ್ನೊಂದು ಊರಿನದಕ್ಕೆ 50 ಡಾಲರ್. ಎರಡನೆಯದೇ ಹೆಚ್ಚು ಖುಷಿ ಕೊಡುತ್ತದೆಂದು ನಿಮಗೆ ಅನಿಸಿದೆ. ಆಮೇಲೆ ನೋಡಿದರೆ ಎರಡೂ ಒಂದೇ ವಾರಾಂತ್ಯಕ್ಕೆ ಬಿದ್ದಿವೆ, ಎರಡರ ಹಣವೂ ವಾಪಸ್ ಬರುವುದಿಲ್ಲ. ಯಾವುದಕ್ಕೆ ಹೋಗುತ್ತೀರಿ? ಅರ್ಧಕ್ಕಿಂತ ಹೆಚ್ಚು ಜನ 100 ಡಾಲರಿನದನ್ನೇ ಆರಿಸಿಕೊಂಡರು. ಕೊಟ್ಟ ಹಣ ಆಗಲೇ ಹೋಗಿದೆ, ಹೋದರೂ ಬಿಟ್ಟರೂ ಅದು ಮರಳುವುದಿಲ್ಲ. ಆದರೂ ಅದೇ ಹಣ ತೀರ್ಮಾನವನ್ನು ಆಳಿತು.

ಹಿಮಕ್ರೀಡೆಯ ಜಾಗದಲ್ಲಿ ಘಾಟಿ ರಸ್ತೆಯನ್ನು ಇಟ್ಟು ನೋಡಿ. ಜಿಲ್ಲೆಗೆ ರೆಡ್ ಅಲರ್ಟ್ ಇದೆ, ಕಾರಿನಲ್ಲಿ ಮಕ್ಕಳಿದ್ದಾರೆ. ‘ಇಷ್ಟು ಸಾವಿರ ಕಟ್ಟಿಬಿಟ್ಟಿದ್ದೇವೆ, ನಿಧಾನಕ್ಕೆ ಹೋದರಾಯಿತು’ ಎಂಬ ಮಾತು ಎಷ್ಟು ಸಹಜವಾಗಿ ಬಾಯಿಗೆ ಬರುತ್ತದೆ! ಕಟ್ಟಿದ ಹಣ ವಾಪಸ್ ಬರುವಂತಿದ್ದರೆ ಅದೇ ಕುಟುಂಬ ಹಾಸನದಿಂದಲೇ ತಿರುಗುತ್ತಿತ್ತು. ಹಣದ ನಷ್ಟವನ್ನು ಜೀವದ ಅಪಾಯವಾಗಿ ಮಾರ್ಪಡಿಸುವುದು ಆ ಷರತ್ತು. ರದ್ದು ಮಾಡಬಹುದಾದ ಕೋಣೆಗೆ ಕೊಡುವ ಹೆಚ್ಚಿನ ದರವನ್ನು ನಾನು ಸುರಕ್ಷತೆಗೆ ಕೊಡುವ ಬೆಲೆಯೆಂದೇ ಲೆಕ್ಕ ಹಾಕುತ್ತೇನೆ. ಕೆಟ್ಟ ಸುದ್ದಿ ಬಂದ ದಿನ ತಲೆ ನೆಟ್ಟಗೆ ಯೋಚಿಸಲು ಅದು ಅವಕಾಶ ಕೊಡುತ್ತದೆ.

ಕಾಶ್ಮೀರದ ಪ್ರಶ್ನೆ ಇನ್ನೂ ಕಠಿಣ, ಏಕೆಂದರೆ ಅದು ನೈಟ್ ಹೇಳಿದ ಎರಡನೆಯ ಬಗೆಯದು. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಬಳಿಯ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಜನರನ್ನು ಕೊಂದರು. ಸತ್ತವರಲ್ಲಿ ಕನ್ನಡಿಗರೂ ಇದ್ದರು, ಪ್ರವಾಸಿಗರನ್ನು ಕುದುರೆಯ ಮೇಲೆ ಕರೆದೊಯ್ದು ಬದುಕುತ್ತಿದ್ದ ಸ್ಥಳೀಯನೂ ಇದ್ದ. ಬೇಸಿಗೆ ರಜೆಗೆಂದು ಬುಕ್ ಮಾಡಿದ್ದವರು ಸಾಲುಸಾಲಾಗಿ ರದ್ದು ಮಾಡಿದರು. ಅಲ್ಲಿನ ಸರ್ಕಾರ 87 ಪ್ರವಾಸಿ ತಾಣಗಳಲ್ಲಿ 48ನ್ನು ಮುಚ್ಚಿತು. ಮೇ 7ರ ಸೇನಾ ಕಾರ್ಯಾಚರಣೆಯ ನಂತರದ ದಿನಗಳಲ್ಲಿ ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳು ಬಂದ್ ಆದವು, ಮೇ 12ರಂದು ಮತ್ತೆ ತೆರೆದವು. ಜೂನ್ 6ರಂದು ಕಟ್ರಾ–ಶ್ರೀನಗರ ವಂದೇ ಭಾರತ್ ರೈಲು ಆರಂಭವಾಯಿತು, ಜುಲೈ 3ರಂದು ಅಮರನಾಥ ಯಾತ್ರೆ ಹೊರಟಿತು. ಎಪ್ಪತ್ತೆರಡು ದಿನಗಳಲ್ಲಿ ಇಷ್ಟೆಲ್ಲ. ಇಂಥ ಘಟನೆಗೆ ಋತುವಿಲ್ಲ, ಮುನ್ಸೂಚನೆಯಿಲ್ಲ, ಹಳದಿ ಕೆಂಪು ಬಣ್ಣಗಳಿಲ್ಲ.

ಲೆಕ್ಕಕ್ಕೆ ಸಿಗದ ಇಂಥ ಅಪಾಯದ ಎದುರು ‘ಅಲ್ಲಿಗೆ ಹೋಗದಿದ್ದರೆ ಸುರಕ್ಷಿತ’ ಎಂಬ ತೀರ್ಮಾನ ಸುಲಭವಾಗಿ ಕಾಣುತ್ತದೆ. ಅದನ್ನೂ ತೂಗಿ ನೋಡಬೇಕು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಎಷ್ಟೋ ಅಮೆರಿಕನ್ನರು ವಿಮಾನಕ್ಕೆ ಹೆದರಿ ಕಾರು ಹಿಡಿದರು. ಆ ತಿಂಗಳುಗಳಲ್ಲಿ ಅಲ್ಲಿನ ರಸ್ತೆ ಸಾವುಗಳು ಹೆಚ್ಚಿದ್ದನ್ನು ಜರ್ಮನ್ ಮನೋವಿಜ್ಞಾನಿ ಗೆರ್ಡ್ ಗಿಗೆರೆಂಟ್ಸರ್ ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಶ್ರೀನಗರದ ವಿಮಾನ ಬಿಟ್ಟು, ಕೆಲಸ ಮುಗಿಸಿ ರಾತ್ರಿಯಿಡೀ ಕಾರು ಓಡಿಸಿ ಗೋವಾಕ್ಕೆ ಹೋಗುವ ಕುಟುಂಬ ಅಪಾಯದಿಂದ ತಪ್ಪಿಸಿಕೊಂಡಿಲ್ಲ. ಅದನ್ನು ತನಗೆ ಪರಿಚಿತವಾದ ರೂಪಕ್ಕೆ ಬದಲಿಸಿಕೊಂಡಿದೆ, ಅಷ್ಟೆ. ಪರಿಚಿತ ಅಪಾಯಕ್ಕೆ ನಾವು ಹೆದರುವುದಿಲ್ಲ, ಪತ್ರಿಕೆಯ ಮುಖಪುಟಕ್ಕೆ ಬಂದದ್ದಕ್ಕೆ ಹೆದರುತ್ತೇವೆ.

ಇಷ್ಟು ಹೇಳಿದರೂ, ಹೆದರಿದವರನ್ನು ಅಂಜುಬುರುಕರೆಂದು ಜರೆಯುವುದು ಅನ್ಯಾಯ. ರಜೆ ಇರುವುದು ನೆಮ್ಮದಿಗೆ. ಚಿಕ್ಕ ಮಕ್ಕಳ ತಾಯಿಗೆ ಅಲ್ಲಿ ನಾಲ್ಕು ದಿನ ನಿದ್ದೆ ಬರುವುದಿಲ್ಲ ಎಂದರೆ ಹೋಗದಿರಲು ಅದೇ ಸಾಕಾದ ಕಾರಣ. ಅಂಕಿ ಅಂಶಗಳ ಮೂಲಕ ಆಕೆಯನ್ನು ಸೋಲಿಸಿ ಹೊರಡಿಸಬೇಕಿಲ್ಲ. ದೇಶಭಕ್ತಿಯನ್ನು ಸಾಬೀತು ಮಾಡಲೆಂದು ಪ್ರವಾಸ ಹೋಗಬೇಕೆಂಬ ಒತ್ತಾಯವೂ ಸಲ್ಲದು. ಆದರೆ ಹೋಗಬೇಕೆಂದು ಮನಸ್ಸಿದ್ದು ಅಳುಕುತ್ತಿರುವವರಿಗೆ ದಾರಿಯಿದೆ, ಅದು ಕೊಡಗಿನದೇ ದಾರಿ: ಹಿಂದೆ ಸರಿಯಬಲ್ಲ ಬುಕಿಂಗ್, ತಾಣ ಮುಚ್ಚಿದರೆ ಆಡಳಿತದ ಮಾತಿಗೆ ಒಪ್ಪಿಗೆ, ಬದಲಿ ದಿನಾಂಕಕ್ಕೆ ಮುಂಚಿತವಾದ ಒಪ್ಪಂದ. ಅಳೆಯಲಾಗದ ಅಪಾಯದ ಮುಂದೆ ಊಹೆ ಕೈಕೊಡುತ್ತದೆ, ಹಿಂದಿರುಗುವ ದಾರಿ ಇಟ್ಟುಕೊಂಡಿದ್ದರೆ ಅದು ಉಳಿಯುತ್ತದೆ.

ಇನ್ನು ನಷ್ಟ ಯಾರದು ಎಂಬ ಪ್ರಶ್ನೆ. ಬುಕಿಂಗ್ ಎಂದರೆ ಮುಂದಿನ ಅನಿಶ್ಚಿತತೆಯನ್ನು ಇಬ್ಬರ ನಡುವೆ ಹಂಚುವ ಒಪ್ಪಂದ. ಹಂಚಿಕೆಯ ಷರತ್ತು ಬರೆಯುವವನು ಒಬ್ಬನೇ ಆದಾಗ ಭಾರವೆಲ್ಲ ಇನ್ನೊಬ್ಬನ ಮೇಲೆ ಬೀಳುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು ವಿಮಾನಗಳು ನಿಂತಾಗ ಪ್ರಯಾಣಿಕರ ಹಣ ಕ್ರೆಡಿಟ್ ಶೆಲ್ ಎಂಬ ಹೆಸರಿನಲ್ಲಿ ಕಂಪನಿಗಳಲ್ಲೇ ಉಳಿಯಿತು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಲಾಕ್‌ಡೌನ್ ಅವಧಿಯಲ್ಲಿ ಅದೇ ಅವಧಿಯ ಪ್ರಯಾಣಕ್ಕೆ ಕೊಂಡ ಟಿಕೆಟ್‌ಗಳಿಗೆ ಪೂರ್ತಿ ಹಣ ವಾಪಸ್ ಕೊಡಬೇಕು, ಉಳಿದವರ ಹಣವನ್ನು ಕೂಡಲೇ ಮರಳಿಸಲಾಗದ ಕಂಪನಿಗಳು 2021ರ ಮಾರ್ಚ್ 31ರವರೆಗೆ ಬಳಸಬಹುದಾದ ಕ್ರೆಡಿಟ್ ಶೆಲ್ ಕೊಟ್ಟು, ತಿಂಗಳಿಗಿಷ್ಟು ಎಂದು ಹೆಚ್ಚುವರಿ ಮೊತ್ತ ಸೇರಿಸಬೇಕು ಎಂಬ ವ್ಯವಸ್ಥೆಗೆ ನ್ಯಾಯಾಲಯ 2020ರ ಅಕ್ಟೋಬರ್ 1ರಂದು ಒಪ್ಪಿಗೆ ಕೊಟ್ಟಿತು. ನ್ಯಾಯ ಸಿಕ್ಕಿತು, ಆದರೆ ಆರು ತಿಂಗಳು ಬೇಕಾಯಿತು. 2023ರ ಮೇ 3ರಂದು ಗೋ ಫಸ್ಟ್ ವಿಮಾನ ಕಂಪನಿ ಹಾರಾಟ ನಿಲ್ಲಿಸಿ ದಿವಾಳಿ ಪ್ರಕ್ರಿಯೆಗೆ ಹೋದಾಗ ಬೇಸಿಗೆ ರಜೆಗೆ ಟಿಕೆಟ್ ಕೊಂಡಿದ್ದವರು ಬ್ಯಾಂಕುಗಳ ಜೊತೆಗೆ, ಬರಬೇಕಾದ ಹಣಕ್ಕಾಗಿ ಕಾಯುವವರ ಸಾಲಿಗೆ ಸೇರಿದರು.

ಇದನ್ನು ಬೇರೆ ರೀತಿ ನಡೆಸಬಹುದು ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆಯಿದೆ. ಅಲ್ಲಿನ ಥಾಮಸ್ ಕುಕ್ ಕಂಪನಿ 2019ರ ಸೆಪ್ಟೆಂಬರ್ 23ರಂದು ಕುಸಿದಾಗ (ಭಾರತದಲ್ಲಿ ಅದೇ ಹೆಸರಿನ ಕಂಪನಿ ಬೇರೆಯೇ) ಹೊರದೇಶಗಳಲ್ಲಿ ಸಿಕ್ಕಿಕೊಂಡಿದ್ದ ಸುಮಾರು ಒಂದೂವರೆ ಲಕ್ಷ ಪ್ರವಾಸಿಗರನ್ನು ಸರ್ಕಾರ ಮತ್ತು ವಿಮಾನಯಾನ ಪ್ರಾಧಿಕಾರ ಊರಿಗೆ ಕರೆತಂದವು. ವಿಮಾನ ಸೇರಿದ ಪ್ಯಾಕೇಜ್ ಪ್ರವಾಸಗಳಲ್ಲಿ ಪ್ರತಿ ಪ್ರಯಾಣಿಕನ ಲೆಕ್ಕದಲ್ಲಿ 2.50 ಪೌಂಡ್ ಒಂದು ನಿಧಿಗೆ ಹೋಗುತ್ತದೆ, ಕಂಪನಿ ಮುಳುಗಿದರೆ ಆ ನಿಧಿ ಹಣ ಮರಳಿಸುತ್ತದೆ. ಯೂರೋಪ್ ಒಕ್ಕೂಟದ 2015ರ ಪ್ಯಾಕೇಜ್ ಪ್ರವಾಸ ನಿರ್ದೇಶನವಂತೂ, ತಪ್ಪಿಸಲಾಗದ ಅಸಾಧಾರಣ ಪರಿಸ್ಥಿತಿ ಆ ಊರಿನಲ್ಲಿ ಎದುರಾದರೆ ಯಾವ ಶುಲ್ಕವೂ ಇಲ್ಲದೆ ರದ್ದು ಮಾಡುವ ಹಕ್ಕನ್ನು ಪ್ರವಾಸಿಗೆ ಕೊಡುತ್ತದೆ, 14 ದಿನಗಳಲ್ಲಿ ಹಣ ಮರಳಬೇಕೆನ್ನುತ್ತದೆ. ಸರಿಯುವ ಸ್ವಾತಂತ್ರ್ಯ ಅಲ್ಲಿ ಕಾನೂನಾಗಿದೆ, ಇಲ್ಲಿ ಅದು ಗಿರಾಕಿಯ ಜಾಣತನಕ್ಕೆ ಬಿಟ್ಟ ಸಂಗತಿ.

ಆದರೂ ನಮ್ಮಲ್ಲಿ ಇರುವ ಹಕ್ಕುಗಳನ್ನಾದರೂ ತಿಳಿದಿರಬೇಕು. ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ, ವಾಪಸ್ ಇಲ್ಲವೆಂದು ಮಾರಿದ ಟಿಕೆಟ್‌ನಲ್ಲೂ ವಿಮಾನ ನಿಲ್ದಾಣದ ಶುಲ್ಕ ಮತ್ತು ತೆರಿಗೆಯ ಭಾಗವನ್ನು ಮರಳಿಸಲೇಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಏಕಪಕ್ಷೀಯ ಷರತ್ತುಗಳ ಒಪ್ಪಂದವನ್ನು ಪ್ರಶ್ನಿಸಲು ಅವಕಾಶ ಕೊಟ್ಟಿದೆ. ಕಂಪನಿ ಎಲ್ಲೇ ಇರಲಿ, ಗ್ರಾಹಕ ತಾನಿರುವ ಊರಿನಲ್ಲೇ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಪ್ರವಾಸ ವಿಮೆಯನ್ನು ಮಾತ್ರ ಎಚ್ಚರದಿಂದ ಓದಬೇಕು. ಆಸ್ಪತ್ರೆ ಖರ್ಚಿಗೆ ಅದು ಒದಗುತ್ತದೆ. ಆದರೆ ‘ಭಯವಾಯಿತು, ಹೋಗಲಿಲ್ಲ’ ಎಂಬುದಕ್ಕೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಯುದ್ಧದಂಥ ಕಾರಣಗಳು ಹೆಚ್ಚಿನ ಪಾಲಿಸಿಗಳಲ್ಲಿ ಹೊರಗೇ ಉಳಿದಿರುತ್ತವೆ, ಸುದ್ದಿ ಎಲ್ಲರಿಗೂ ತಿಳಿದ ಮೇಲೆ ಕೊಂಡ ವಿಮೆ ಆ ಘಟನೆಗೆ ಒದಗುವುದಿಲ್ಲ.

ಪ್ರವಾಸಿಯ ಪರವಾಗಿ ಇಷ್ಟು ಹೇಳಿದ ಮೇಲೆ ಆತಿಥೇಯರ ಮಾತು ಬಿಟ್ಟರೆ ವಾದ ಅರ್ಧವಾಗುತ್ತದೆ. ವಿಮಾನ ಕಂಪನಿಯೂ, ಮಡಿಕೇರಿಯ ತೋಟದ ಅಂಚಿನಲ್ಲಿ ನಾಲ್ಕು ಕೋಣೆ ಇಟ್ಟುಕೊಂಡ ಕುಟುಂಬವೂ ಒಂದೇ ಅಲ್ಲ. ಗುಡ್ಡ ಕುಸಿದ ವರ್ಷ ಆ ಕುಟುಂಬಕ್ಕೆ ಕಾಫಿಯೂ ಹೋಗಿರುತ್ತದೆ, ಅತಿಥಿಗಳೂ ಬರುವುದಿಲ್ಲ. ಅಡುಗೆಯವರು, ಜೀಪು ಓಡಿಸುವವರು, ಹಾಲು ತರಕಾರಿ ತಂದುಕೊಡುವವರು ಆ ಕೋಣೆಗಳನ್ನೇ ನಂಬಿರುತ್ತಾರೆ. ದಾಲ್ ಸರೋವರದ ಶಿಕಾರಾದವರದೂ ಪಹಲ್ಗಾಮಿನ ಕುದುರೆಯವರದೂ ಇದೇ ಪಾಡು. ಎಲ್ಲ ಬುಕಿಂಗ್‌ಗಳೂ ಒಂದೇ ವಾರದಲ್ಲಿ ರದ್ದಾಗಿ, ಎಲ್ಲರೂ ಪೂರ್ತಿ ಹಣ ಕೇಳಿದರೆ ಅವರು ಎಲ್ಲಿಂದ ತಂದಾರು? ಪ್ರವಾಸಿಯೊಬ್ಬನೇ ಹೊರುವುದು ಹೇಗೆ ಅನ್ಯಾಯವೋ ಅವರೊಬ್ಬರೇ ಹೊರುವುದೂ ಅನ್ಯಾಯವೇ.

ಇಬ್ಬರಿಗೂ ನ್ಯಾಯ ಸಲ್ಲುವ ದಾರಿ ದಿನಾಂಕ ಮುಂದೂಡುವುದು. ಅಡ್ವಾನ್ಸ್ ಹಣ ಆತಿಥೇಯರ ಬಳಿಯೇ ಇರಲಿ, ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಆ ಹಣಕ್ಕೆ ಕೋಣೆ ಸಿಗಲಿ. ಪ್ರವಾಸಿಗೆ ಹಣ ಮುಳುಗಲಿಲ್ಲ, ಆತಿಥೇಯರಿಗೆ ಕೈಯಲ್ಲಿದ್ದದ್ದು ಕಳೆಯಲಿಲ್ಲ. ಮಳೆ ನಿಂತ ಮೇಲೆ ಅತಿಥಿ ಬರುತ್ತಾರೆಂಬ ಭರವಸೆಯೂ ಉಳಿಯಿತು. ಇದಕ್ಕೆ ಬುಕಿಂಗ್ ಆ್ಯಪ್‌ಗಿಂತ ಒಂದು ಫೋನ್ ಕರೆ ಮೇಲು. ‘ಅಕ್ಕಾ, ರೆಡ್ ಅಲರ್ಟ್ ಬಂದ್ರೆ ದಿನ ಬದಲಾಯಿಸ್ಕೊಬಹುದಾ?’ ಎಂದು ಹಣ ಕಟ್ಟುವ ಮೊದಲೇ ಕೇಳಿ, ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಂಡರೆ ಮುಂದಿನ ಜಗಳ ತಪ್ಪುತ್ತದೆ. ಅವರ ಊರಿನ ಮಳೆ ಹೇಗಿರುತ್ತದೆ, ಯಾವ ತಿರುವಿನಲ್ಲಿ ಮಣ್ಣು ಬೀಳುತ್ತದೆ ಎಂಬುದೂ ಅವರಿಗೇ ಚೆನ್ನಾಗಿ ಗೊತ್ತು. ‘ಈ ವಾರ ಬರಬೇಡಿ’ ಎಂದು ಅವರು ಮನಸ್ಸು ಬಿಚ್ಚಿ ಹೇಳಬೇಕಾದರೆ, ಹಾಗೆ ಹೇಳಿದ್ದಕ್ಕೆ ಅವರಿಗೆ ನಷ್ಟವಾಗಬಾರದು.

ಈ ವಾದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ರದ್ದು ಮಾಡಬಹುದಾದ ಟಿಕೆಟ್ಟಿಗೆ, ಕೋಣೆಗೆ ದರ ಹೆಚ್ಚು. ಉಳ್ಳವರಿಗೆ ಅದು ಸರಿ. ಸಂಬಳದಲ್ಲಿ ತಿಂಗಳಿಗಿಷ್ಟು ಉಳಿಸಿ ವರ್ಷಕ್ಕೊಮ್ಮೆ ಮಕ್ಕಳನ್ನು ಹೊರಗೆ ಕರೆದೊಯ್ಯುವವರಿಗೆ ಆ ಹೆಚ್ಚುವರಿ ಹಣವೇ ಒಂದು ದಿನದ ಊಟ. ಅವರ ರಜೆ ದಸರಾಕ್ಕೋ ಬೇಸಿಗೆಗೋ ಕಟ್ಟಿಬಿದ್ದಿರುತ್ತದೆ, ದಿನ ಬದಲಿಸಲೂ ಆಗದು. ಈ ಮಾತು ನಿಜ. ಆದರೆ ಅಗ್ಗದ ಟಿಕೆಟ್ ಮುಳುಗಿದರೆ ಅತಿ ಹೆಚ್ಚು ನೋಯುವವರೂ ಅವರೇ. ವರ್ಷದ ಉಳಿತಾಯವೆಲ್ಲ ಒಂದೇ ಬುಕಿಂಗ್‌ನಲ್ಲಿ ಹೋದರೆ ಮುಂದಿನ ವರ್ಷವೂ ಮಕ್ಕಳು ಎಲ್ಲಿಗೂ ಹೋಗುವುದಿಲ್ಲ. ಅಂಥವರು ಅನಿಶ್ಚಿತ ಕಾಲದಲ್ಲಿ ಬೆಲೆಯಲ್ಲಿ ಉಳಿಸುವುದಕ್ಕಿಂತ ದೂರ, ದಿನಗಳಲ್ಲಿ ಉಳಿಸುವುದು ಲೇಸು: ವಿಮಾನದ ಬದಲು ರೈಲು, ಆರು ದಿನದ ಬದಲು ಮೂರು ದಿನ, ಆಗಸ್ಟಿನ ಘಾಟಿಯ ಬದಲು ಬಾದಾಮಿ, ಹಂಪಿ. ಹಣ ಎಷ್ಟು ಕಟ್ಟಬಹುದು ಎಂಬುದಕ್ಕೆ ಅಳತೆ ಸರಳ: ಪೂರ್ತಿ ಹೋದರೂ ಮನೆಯ ತಿಂಗಳು ನಡೆಯಬೇಕು, ಅದಕ್ಕಾಗಿ ಅಪಾಯದ ರಸ್ತೆ ಹಿಡಿಯಬೇಕೆನಿಸಬಾರದು.

ಎಲ್ಲ ತಿಳಿಯಾಗಲಿ, ಆಮೇಲೆ ಹೋಗೋಣ ಎಂದು ಕಾಯುವವರಿಗೂ ಒಂದು ಮಾತು. ಕಳೆದ ಕೆಲವು ವರ್ಷಗಳಲ್ಲಿ ಪ್ರವಾಹ, ಸಾಂಕ್ರಾಮಿಕ ರೋಗ, ಭೂಕುಸಿತ, ಉಗ್ರರ ದಾಳಿ, ವಿಮಾನ ಕಂಪನಿಯ ದಿವಾಳಿ ಒಂದರ ಹಿಂದೊಂದು ಬಂದವು. ಪೂರ್ತಿ ತಿಳಿಯಾದ ವರ್ಷ ಯಾವುದಿತ್ತು? ಅಷ್ಟರಲ್ಲಿ ಮಕ್ಕಳು ಬೆಳೆದು ತಮ್ಮ ದಾರಿ ಹಿಡಿಯುತ್ತಾರೆ, ವಯಸ್ಸಾದ ತಂದೆತಾಯಿಯ ಮಂಡಿ ಮೆಟ್ಟಿಲು ಹತ್ತಲು ಒಪ್ಪುವುದಿಲ್ಲ. ಕಾಯುವುದಕ್ಕೂ ಬೆಲೆಯಿದೆ. ಅದು ರಸೀದಿಯಲ್ಲಿ ಕಾಣುವುದಿಲ್ಲವಾದ್ದರಿಂದ ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಬುಕ್ ಮಾಡಿ ಎಂದೇ ನನ್ನ ಸಲಹೆ. ಋತು ನೋಡಿ ಮಾಡಿ, ಸರಿಯುವ ಕೊನೆಯ ದಿನ ಯಾವುದೆಂದು ಕೇಳಿ ಮಾಡಿ, ಆ ದಿನ ಬಂದಾಗ ಮುನ್ಸೂಚನೆ ನೋಡಿ ತೀರ್ಮಾನಿಸಿ. ಬೇಡವೆಂದು ಅನಿಸಿದರೆ ಕೊರಗದೆ ಹಿಂದೆ ಸರಿಯಿರಿ.

ಮನೆಮನೆಯ ವಿವೇಕಕ್ಕೆ ಎಲ್ಲವನ್ನೂ ಬಿಡುವುದೂ ಸರಿಯಲ್ಲ. ಕರ್ನಾಟಕದಲ್ಲಿ ಹೋಂಸ್ಟೇಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಬೇಕು. ಆ ನೋಂದಣಿಗೆ ಒಂದು ಷರತ್ತು ಸೇರಿಸಬಹುದು: ಜಿಲ್ಲೆಗೆ ಕೆಂಪು ಎಚ್ಚರಿಕೆ ಬಂದರೆ, ಜಿಲ್ಲಾಡಳಿತ ಪ್ರವೇಶ ನಿಲ್ಲಿಸಿದರೆ, ಅಡ್ವಾನ್ಸ್ ತಾನಾಗಿಯೇ ಬೇರೆ ದಿನಕ್ಕೆ ವರ್ಗವಾಗಬೇಕು, ಬುಕಿಂಗ್ ಮಾಡಿಸಿದ ಆ್ಯಪ್ ಆ ದಿನದ ಕಮಿಷನ್ ಬಿಡಬೇಕು. ಪ್ರವಾಸಿ ಪ್ರತಿ ರಾತ್ರಿಗೆ ಕೊಡುವ ಹಣದಲ್ಲಿ ಕೆಲವು ರೂಪಾಯಿ ಜಿಲ್ಲಾ ನಿಧಿಗೆ ಹೋಗಿ, ವಾರಗಟ್ಟಲೆ ಮುಚ್ಚಬೇಕಾದ ಸಣ್ಣ ಆತಿಥೇಯರಿಗೆ ಅದು ಒದಗಬೇಕು. ಹಾಗಾದರೆ ಜಿಲ್ಲಾಧಿಕಾರಿ ಸರಿಯಾದ ಹೊತ್ತಿಗೆ ರಸ್ತೆ ಮುಚ್ಚಲು ಹಿಂಜರಿಯಬೇಕಿಲ್ಲ, ಹೋಂಸ್ಟೇಯವರು ಅಪಾಯವನ್ನು ಮುಚ್ಚಿಡಬೇಕಿಲ್ಲ, ಪ್ರವಾಸಿ ಕಟ್ಟಿದ ಹಣದ ಮುಖ ನೋಡಿ ಘಾಟಿ ಹತ್ತಬೇಕಿಲ್ಲ. ಮುಂದಿನ ಮುಂಗಾರಿಗೆ ಮೊದಲೇ ಈ ನಿಯಮ ತರುವುದು ರಾಜ್ಯ ಸರ್ಕಾರದ ಕೈಯಲ್ಲಿದೆ. ಅದಕ್ಕಾಗಿ ಒತ್ತಾಯಿಸುವುದು ಪ್ರವಾಸ ಹೋಗುವ ನಮ್ಮೆಲ್ಲರ ಕೆಲಸ.